ಗೋಕಾವಿಯ ಕಮರಿ
ಚಿಕ್ಕೋಡಿ, ರಾಯಬಾಗ ಪ್ರಾಂತದ ಗೃಹಸ್ಥರಿಗೆ ಗೋಕಾವಿಯ ಜಲಪಾತವು ದೂರದ್ದಲ್ಲ. ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ ಸೇರಬಹುದು. ಘಟಪ್ರಭೆಯು ಮರಳುಗಲ್ಲಿನ ಕಮರಿಯೊಳಕ್ಕೆ ಕುದುರೆಲಾಳದ ಆಕಾರದಲ್ಲಿ ಸುಮಾರು 52 ಮೀಟರು ಧುಮುಕುವದು. ಬೇಸಗೆಯಲ್ಲಿ ಬರಿಯ ಬಂಡೆಯೇ ಕಾಣುವದರಿಂದ ಆಷಾಢ-ಶ್ರಾವಣಗಳಲ್ಲಿಯೇ ಹೋಗತಕ್ಕದ್ದು.

ಆದರೆ ಅಪಾಯವೂ ಆಗಲೇ ಹೆಚ್ಚು. ಪ್ರವಾಹದಿಂದ ನುಣುಪಾದ ಆ ಶಿಲೆಯು ಪಾಚಿಗಟ್ಟಿ ತೊಯ್ದಿರುವಾಗ ಪಾದಕ್ಕೆ ಆಸರೆಯನ್ನೀಯದು. ಮಕ್ಕಳ ಕೈಯನ್ನು ಕ್ಷಣಮಾತ್ರವೂ ಬಿಡಲಾಗದು. ಭಾವಚಿತ್ರದ ಮೋಹದಿಂದ ಅಂಚಿಗೆ ಸರಿಯುವ ತರುಣರನ್ನು ಗದರಿಸಿಯಾದರೂ ಹಿಂದಕ್ಕೆ ಕರೆಯಬೇಕು. (ಹಿರಿಯರು ಮತ್ತೇತಕ್ಕಿರುವರು?)

ಸುಮಾರು 200 ಮೀಟರು ಉದ್ದದ ತೂಗುಸೇತುವೆಯು ನಡೆವವರ ಹೆಜ್ಜೆಗೆ ಓಲಾಡುವದು. ಮಹಾಪೂರವಿದ್ದು ಅದನ್ನು ಮುಚ್ಚಿದ್ದರೆ ಕಾವಲುಗಾರರೊಡನೆ ವಾದಿಸದೆ ಮರಳುವದೇ ಲೇಸು. ನಡೆಯಲಾರದ ವೃದ್ಧರು ದಡದಲ್ಲಿಯ ಮಹಾಲಿಂಗೇಶ್ವರನ ಪುರಾತನ ಗುಡಿಯಲ್ಲಿ ವಿಶ್ರಮಿಸಬಹುದು; ಭೋರ್ಗರೆತವು ಅಲ್ಲಿಗೂ ಕೇಳಿಸುವದು.