ಸನ್‌ವ್ಯೂ ಬಿಟ್ಟು ಎಕ್ಸ್‌ಗೆ

1989ರ ಚಳಿಗಾಲ. ಅಮೆರಿಕದ ವಿಶ್ವವಿದ್ಯಾಲಯವೊಂದರ ಲ್ಯಾಬಿನಲ್ಲಿ ರಾತ್ರಿ ಕೂತಿದ್ದೀರಿ. ಎದುರಿಗೆ ಸನ್ ಕಂಪನಿಯ ವರ್ಕ್‌ಸ್ಟೇಷನ್ ಸನ್-3/50: ಕಪ್ಪುಬಿಳುಪು ಪರದೆ, 4 ಮೆಗಾಬೈಟ್ ಮೆಮೊರಿ. ಒಳಗೆ ಡಿಸ್ಕ್ ಇಲ್ಲ. ಫೈಲೆಲ್ಲ ಈಥರ್‌ನೆಟ್ ಹಿಡಿದು ಬೇರೆ ಕೋಣೆಯಿಂದ ಬರಬೇಕು. ಮೌಸ್ ಓಡಾಡುವುದು ಸಣ್ಣ ಗೆರೆ ಹೊಡೆದ ಲೋಹದ ಹಲಗೆಯ ಮೇಲೆ. ಹಲಗೆ ಸೊಟ್ಟಗಿದ್ದರೆ ಬಾಣವೂ ಸೊಟ್ಟ ಹೋಗುತ್ತದೆ.

‘ಸನ್‌ಟೂಲ್ಸ್’ ಎಂದು ಟೈಪ್ ಮಾಡುತ್ತೀರಿ. ಸನ್‌ನವರ ಕಿಟಕಿ ವ್ಯವಸ್ಥೆ ಸನ್‌ವ್ಯೂ ಬಂತು: ನೆತ್ತಿಗೆ ಕಪ್ಪು ಪಟ್ಟಿ ಇರುವ ಕಿಟಕಿಗಳು, ಮೂಲೆಯಲ್ಲೊಂದು ಗಡಿಯಾರ. ಫ್ರೇಮ್‌ಮೇಕರ್‌ನಲ್ಲಿ ಪ್ರಬಂಧ ಅಚ್ಚಿನ ಪುಟದಂತೆಯೇ ಕಾಣುತ್ತಿದೆ. ಚಿತ್ರ ಬರೆಯಲು ‘ಫಿಗ್’ ಇದೆ, 1985ರಲ್ಲಿ ಸುಪೋಜ್ ಸುತಂಥವಿಬುಲ್ ಬರೆದದ್ದು. ಎಲ್ಲವೂ ಚುರುಕು.

ತೊಡಕು ಬೇರೆ. ನಿಮ್ಮ ಲೆಕ್ಕ ಓಡುತ್ತಿರುವುದು ಕೆಳಮಹಡಿಯ ವ್ಯಾಕ್ಸ್ ಕಂಪ್ಯೂಟರಿನಲ್ಲಿ, ಗ್ರಾಫ್ ಬೇಕಿರುವುದು ಇಲ್ಲಿ. ಪ್ರೋಗ್ರಾಂ ಎಲ್ಲಿ ಓಡುತ್ತದೋ ಅಲ್ಲೇ ಕಿಟಕಿ ತೆರೆಯುವುದು ಸನ್‌ವ್ಯೂ ಕ್ರಮ. ಆ ಮಿತಿ ಇಲ್ಲದ್ದು ಎಕ್ಸ್ ಎಂಬ ಕಿಟಕಿ ವ್ಯವಸ್ಥೆ, 1984ರಲ್ಲಿ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಶುರುಮಾಡಿದ್ದು. ಹನ್ನೊಂದನೆಯ ಆವೃತ್ತಿ 1987ರ ಸೆಪ್ಟೆಂಬರಿನಲ್ಲಿ ಬಂತು. ಅದರ ಮೂಲಸಂಕೇತವನ್ನು ಲ್ಯಾಬಿನವರೇ ಕಂಪೈಲ್ ಮಾಡಿಟ್ಟಿದ್ದಾರೆ.

ಸನ್‌ವ್ಯೂ ಮುಚ್ಚಿ ‘ಎಕ್ಸ್‌ಇನಿಟ್’ ಹೊಡೆಯುತ್ತೀರಿ. ಪರದೆಯ ತುಂಬ ಕಣ್ಣು ಕುಕ್ಕುವ ಬೂದು ಹೆಣಿಗೆ, ನಡುವೆ ದಪ್ಪ ಗುಣಾಕಾರ ಚಿಹ್ನೆ. ಕಿಟಕಿಗೆ ತಲೆಪಟ್ಟಿಯೇ ಇಲ್ಲ. ವ್ಯಾಕ್ಸ್‌ಗೆ ಲಾಗಿನ್ ಆಗಿ, ‘ಡಿಸ್‌ಪ್ಲೇ’ಗೆ ನಿಮ್ಮ ಯಂತ್ರದ ಹೆಸರು ಕೊಟ್ಟು, ಪ್ರೋಗ್ರಾಂ ಬಿಡುತ್ತೀರಿ. ಏನೂ ಆಗುವುದಿಲ್ಲ. ಮೆಮೊರಿ ಸಾಲದೆ ಯಂತ್ರ ನೆಟ್‌ವರ್ಕಿನಾಚೆಯ ಡಿಸ್ಕಿಗೆ ಪುಟ ಸಾಗಿಸುತ್ತ, ತರಿಸುತ್ತ ಏದುತ್ತಿದೆ. ಕೊನೆಗೊಂದು ಖಾಲಿ ಚೌಕಟ್ಟು ಮೌಸಿನ ಬೆನ್ನು ಹತ್ತುತ್ತದೆ. ಒತ್ತಿದಿರಿ, ಗ್ರಾಫ್ ಮೂಡಿತು! ಲೆಕ್ಕ ಕೆಳಗೆ, ಗೆರೆ ಇಲ್ಲಿ. (ಈ ಏರ್ಪಾಡಿನಲ್ಲಿ ‘ಸರ್ವರ್’ ಅನ್ನಿಸಿಕೊಳ್ಳುವುದು ನಿಮ್ಮ ಮೇಜಿನ ಬಡ ಪೆಟ್ಟಿಗೆ. ಒಪ್ಪಿಕೊಳ್ಳುವುದು ಕಷ್ಟ.)

ಇನ್ನು ಗ್ರಾಫಿಗೆ ಅಡಿಬರಹ. ಫ್ರೇಮ್‌ಮೇಕರ್ ಕರೆದರೆ ಏಳುತ್ತಿಲ್ಲ: ಇಲ್ಲಿರುವ ಪ್ರತಿ ಸನ್‌ವ್ಯೂಗೆಂದು ಕಟ್ಟಿದ್ದು. ಫಿಗ್ ಕೂಡ ಅಷ್ಟೇ. ಯಂತ್ರ ಅದೇ, ಡಿಸ್ಕಿನಲ್ಲಿ ಪ್ರೋಗ್ರಾಂ ಹಾಗೇ ಇದೆ, ಆದರೂ ನಿಮ್ಮ ಪಾಲಿಗಿಲ್ಲ. ಗ್ರಾಫ್ ನೋಡಬೇಕಾದರೆ ಬರೆಯುವಂತಿಲ್ಲ, ಬರೆಯಬೇಕಾದರೆ ನೋಡುವಂತಿಲ್ಲ.

ಪಕ್ಕದವನು ಕತ್ತು ಚಾಚುತ್ತಾನೆ.

“ಸನ್‌ನವರದ್ದೇ ಇನ್ನೊಂದು ಕಿಟಕಿ ವ್ಯವಸ್ಥೆ ‘ನ್ಯೂಸ್’ ಇದೆಯಲ್ಲ, ಗಾಸ್ಲಿಂಗ್ ಮಾಡಿದ್ದು. ನೆಟ್‌ವರ್ಕಲ್ಲೂ ಓಡುತ್ತೆ, ಚಿತ್ರವೆಲ್ಲ ಪೋಸ್ಟ್‌ಸ್ಕ್ರಿಪ್ಟಲ್ಲೇ ಬರೆಯುತ್ತೆ. ನೋಡಿದ್ದೀಯಾ?”

“ಅದರಲ್ಲಿ ನನ್ನ ಫ್ರೇಮ್‌ಮೇಕರ್ ಓಡುತ್ತಾ?”

“ಇಲ್ಲ. ಆದರೆ ಗಡಿಯಾರದ ಕಿಟಕಿ ನಿಜವಾಗ್ಲೂ ದುಂಡಗಿರುತ್ತೆ.”