ಮದರಾಸಿನಲ್ಲಿ ಒಂದು 'ಬಾರೋ'

ಚೆನ್ನೈಗೆ ಬಂದ ನೆಂಟರನ್ನು ನಾವು ಮರೀನಾ, ಮೈಲಾಪುರದ ಕಪಾಲೀಶ್ವರ, ಟಿ. ನಗರದ ಸೀರೆ ಅಂಗಡಿಗಳು ಎಂದು ಸುತ್ತಿಸುತ್ತೇವೆ. ಒಂದು ಹಾಡಿನ ಬೆನ್ನು ಹತ್ತಿ ಈ ಊರನ್ನು ಸುತ್ತಿದವರು ಕಡಿಮೆ. ಇಲ್ಲೇ ಹುಟ್ಟಿ, ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಕಲಿತು, ಮನೆಯೊಳಗೆ ಮಾತ್ರ ಕನ್ನಡ ಆಡುವ ನಮ್ಮ ಯುವಕ ಯುವತಿಯರಿಗೆ ಅಂಥದೊಂದು ಸುತ್ತಾಟವನ್ನು ಸೂಚಿಸಲು ಈ ಬರಹ.

ಹಾಡು ನಿಮಗೆ ಗೊತ್ತಿರುವುದೇ: ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ'. ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಇಲ್ಲವೇ 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ 'ಕಲೋನಿಯಲ್ ಕಸಿನ್ಸ್' ಎಂಬ ಹೆಸರಿನಲ್ಲಿ ಪಾಪ್ ಸಂಗೀತಕ್ಕೆ ಹೊಂದಿಸಿ ಹಾಡಿದ್ದನ್ನು ಕೇಳಿರಬಹುದು. ಆದರೆ ಈ ಕನ್ನಡ ಹಾಡನ್ನು ಹೊರದೇಶಗಳವರೆಗೆ ಕೊಂಡೊಯ್ದವರಲ್ಲಿ ಮೊದಲ ಹೆಸರು ಮದರಾಸಿನ ಒಬ್ಬ ತಮಿಳು ನರ್ತಕಿಯದು: ಟಿ. ಬಾಲಸರಸ್ವತಿ.

ಸುತ್ತಾಟವನ್ನು ಜಾರ್ಜ್ ಟೌನಿನಿಂದ ಆರಂಭಿಸಿ. ಇಂದು ಅಲ್ಲಿ ಕೈಗಾಡಿಗಳ, ಸಗಟು ಅಂಗಡಿಗಳ ಗದ್ದಲ. ನೂರು ವರ್ಷದ ಹಿಂದೆ ಅಲ್ಲಿನ ಒಂದು ಮನೆಯಲ್ಲಿ ಶುಕ್ರವಾರದ ಸಂಜೆ ವೀಣೆ ಕೇಳಲು ಊರಿನ ದೊಡ್ಡ ವಿದ್ವಾಂಸರೆಲ್ಲ ಸೇರುತ್ತಿದ್ದರು. ನುಡಿಸುತ್ತಿದ್ದವರು ವೀಣೆ ಧನಮ್ಮಾಳ್. ಅವರ ಮಗಳು ಜಯಮ್ಮಾಳ್. ಜಯಮ್ಮಾಳ್ ಅವರ ಮಗಳು 1918ರಲ್ಲಿ ಹುಟ್ಟಿದ ಬಾಲಸರಸ್ವತಿ. ಇದು ದೇವದಾಸಿ ಪರಂಪರೆಯ ಮನೆತನ. ಬಾಲಾ ಬೆಳೆಯುತ್ತಿದ್ದ ಕಾಲಕ್ಕೇ ಆ ಪದ್ಧತಿಯ ವಿರುದ್ಧ ಚಳವಳಿ ನಡೆದಿತ್ತು. 1947ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಕಾನೂನೂ ಬಂತು. ಪದ್ಧತಿ ನಿಲ್ಲಬೇಕಾದದ್ದೇ. ಆದರೆ ಅದರ ಜೊತೆಗೆ ಆ ಹೆಂಗಸರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕಲೆಯೂ ತಿರಸ್ಕಾರಕ್ಕೆ ಗುರಿಯಾಯಿತು. 'ಮರ್ಯಾದಸ್ಥರ' ಮನೆಗಳು ಮುಖ ತಿರುಗಿಸಿದ ಆ ದಿನಗಳಲ್ಲಿ ಬಾಲಾ ಕುಣಿಯುವುದನ್ನು ಬಿಡಲಿಲ್ಲ.

ಎರಡನೆಯ ನಿಲ್ದಾಣ ಟಿ.ಟಿ.ಕೆ. ರಸ್ತೆಯ ಮ್ಯೂಸಿಕ್ ಅಕಾಡೆಮಿ. 1928ರಲ್ಲಿ ಆರಂಭವಾದ ಈ ಸಂಸ್ಥೆಯ ಆಶ್ರಯದಲ್ಲೇ ಬಾಲಾ ಮುಂದೆ ನೃತ್ಯ ಕಲಿಸಿದರು. 1973ರಲ್ಲಿ ಅಕಾಡೆಮಿ ಅವರಿಗೆ 'ಸಂಗೀತ ಕಲಾನಿಧಿ' ಬಿರುದು ಕೊಟ್ಟಿತು. ಸಂಗೀತಗಾರರಿಗೆ ಮೀಸಲಾದ ಬಿರುದು ನರ್ತಕಿಗೆ ಸಂದದ್ದು ಸುಮ್ಮನೆ ಅಲ್ಲ. ತಾಯಿ ಜಯಮ್ಮಾಳ್ ಹಿಂದೆ ಕುಳಿತು ಹಾಡುತ್ತಿದ್ದರೆ, ಬಾಲಾ ತಾವೂ ಹಾಡಿಕೊಂಡೇ ಅಭಿನಯಿಸುತ್ತಿದ್ದರು. ಅವರ ಪಾಲಿಗೆ ಕಿವಿಗೆ ಕೇಳುವುದು, ಕಣ್ಣಿಗೆ ಕಾಣುವುದು ಬೇರೆ ಬೇರೆ ಆಗಿರಲಿಲ್ಲ.

ಈ ಹಾಡಿನಲ್ಲಿ ಅಂಥದ್ದೇನಿದೆ? ಕಥೆ ತೀರ ಸಣ್ಣದು. ತಾಯಿ ಮಗುವನ್ನು ಕರೆಯುತ್ತಾಳೆ. ಕಾಲಿನ ಗೆಜ್ಜೆ, ಕೈಯ ಬಳೆ, ಸೊಂಟದ ಗಂಟೆ, ಕೊರಳ ಮಾಲೆ, ಕೊಳಲು ಎಂದು ಅವನ ಅಂದವನ್ನು ಎಣಿಸುತ್ತಾಳೆ. ಪ್ರತಿ ನುಡಿ ಮುಗಿದಾಗಲೂ ಮತ್ತೆ ಅದೇ ಕರೆ. ಕೊನೆಯಲ್ಲಿ ಮಗು ಬಾಯಿ ತೆರೆದು ತಾಯಿಗೆ ಜಗತ್ತನ್ನೇ ತೋರಿಸುತ್ತದೆ. ಆಮೇಲೂ ಅದೇ ಕರೆ!

ಗುಟ್ಟು ಇರುವುದು 'ಬಾರೋ' ಎಂಬ ಎರಡಕ್ಷರದಲ್ಲಿ. ಹಾಡು ಬರೆದ ವ್ಯಾಸರಾಯರು ವಿಜಯನಗರದ ಅರಸರೇ ತಲೆಬಾಗಿದ ಯತಿಗಳು, 1539ರಲ್ಲಿ ತೀರಿಕೊಂಡರು. ಅಂಥವರು ದೇವರನ್ನು 'ದಯಮಾಡಿಸಿ' ಎನ್ನಲಿಲ್ಲ, 'ಬನ್ನಿ' ಎನ್ನಲಿಲ್ಲ. ಅಡಿಗೆಮನೆಯಿಂದ ಅಮ್ಮ ಮಗನನ್ನು ಕೂಗುವ ಹಾಗೆ 'ಬಾರೋ' ಎಂದರು. ಪರಿಚಯವಿಲ್ಲದವರಿಗೆ, ಹಿರಿಯರಿಗೆ ನಾವು ಎಂದೂ ಆಡದ ಮಾತು ಅದು. ಇಂಗ್ಲಿಷಿನ 'ಕಮ್' ಎಂಬುದರಲ್ಲಿ ಆ ಸಲಿಗೆ ಸಿಗದು. ಆದರೆ ತಮಿಳಿನ 'ವಾಡಾ' ಎಂಬುದರಲ್ಲಿ ಸಿಗುತ್ತದೆ. ಚೆನ್ನೈಯಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಿಳು ಮನೆಯ ಬಾಲಾಗೆ ಈ ಕನ್ನಡದ ಕರೆ ಪರಕೀಯವೆನಿಸದೆ ಹೋದದ್ದರಲ್ಲಿ ಆಶ್ಚರ್ಯವೇನು?

ಅಭಿನಯದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಭಾವ ಬೇರೆ. ಒಮ್ಮೆ ಮುದ್ದು, ಒಮ್ಮೆ ಹುಸಿಕೋಪ, ಒಮ್ಮೆ ಬೆಣ್ಣೆಯ ಆಸೆ. ಬಾಯೊಳಗೆ ಜಗತ್ತನ್ನು ಕಂಡ ಮೇಲೆ ಬರುವ 'ಬಾರೋ' ಮಾತ್ರ ಮೊದಲಿನದಲ್ಲ. ಈಗ ಕರೆಯುತ್ತಿರುವುದು ತಾಯಿಯೋ, ಭಕ್ತಳೋ? ಪದ ಬದಲಾಗಿಲ್ಲ, ಕರೆಯುವವಳು ಬದಲಾಗಿದ್ದಾಳೆ. ಗಂಟಲು ಕಟ್ಟುವುದು ಅಲ್ಲಿ.

ರಾಗವೂ ಇದಕ್ಕೆ ಜೊತೆಗೂಡುತ್ತದೆ. ಯಮುನಾ ಕಲ್ಯಾಣಿಯಲ್ಲಿ ಪ್ರತಿ ಮಧ್ಯಮದ ಬೆಳಕಿನ ನಡುವೆ ಆಗಾಗ ಶುದ್ಧ ಮಧ್ಯಮ ಸುಳಿದು ಹೋಗುತ್ತದೆ, ನಗುತ್ತಿದ್ದವರ ಮುಖ ಒಂದು ಕ್ಷಣ ಮೆತ್ತಗಾದ ಹಾಗೆ. ತಾಳ ಮಿಶ್ರ ಛಾಪು. ಮೂರು ಮತ್ತು ನಾಲ್ಕು ಸೇರಿ ಏಳು. ಆಗತಾನೆ ನಡೆಯಲು ಕಲಿತ ಮಗುವಿನ ತಪ್ಪು ಹೆಜ್ಜೆಯಂತೆ ಕೇಳಿಸುತ್ತದೆ.

ಹಾಡಿನ ಕೊನೆಗೆ ಬರುವವನು ಉಡುಪಿಯ ಕೃಷ್ಣ. ಮದರಾಸಿಗೆ ಉಡುಪಿಯನ್ನು ಹೆಚ್ಚಾಗಿ ಪರಿಚಯಿಸಿದ್ದು ಇಡ್ಲಿ, ದೋಸೆ. ಅಕಾಡೆಮಿಯಿಂದ ಹೆಚ್ಚು ದೂರವಿಲ್ಲದ ರಾಧಾಕೃಷ್ಣನ್ ರಸ್ತೆಯ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರೂ ಉಡುಪಿ ಕಡೆಯವರೇ. ಈ ಊರಿನ ಹೊಟ್ಟೆಗೂ ಎದೆಗೂ ಉಡುಪಿ ಇಳಿದಿದೆ ಎಂದರೆ ಅತಿಶಯೋಕ್ತಿಯಲ್ಲ.

ಕೊನೆಗೆ ಕಡಲ ತೀರಕ್ಕೆ ಹೋಗಿ. ಬೆಸೆಂಟ್ ನಗರವಾದರೂ ಸರಿ. ಹುಡುಗನಾಗಿದ್ದಾಗ ಕಲ್ಕತ್ತೆಯಲ್ಲಿ ಬಾಲಾರ ನೃತ್ಯ ನೋಡಿದ್ದ ಸತ್ಯಜಿತ್ ರಾಯ್, 1976ರಲ್ಲಿ 'ಬಾಲಾ' ಎಂಬ ಸಾಕ್ಷ್ಯಚಿತ್ರ ತೆಗೆದರು. ಅದರಲ್ಲಿ ಅವರು ಈ ಹಾಡಿಗೆ ಅಭಿನಯಿಸುವುದು ಸಮುದ್ರದ ಎದುರು. ಅರವತ್ತರ ಸಮೀಪದ ಹೆಂಗಸು, ಬೀಸುವ ಗಾಳಿಗೆ ಹಾರುವ ಸೆರಗು, ಹಿಂದೆ ಅಲೆಗಳು. ಮಗು ಎಲ್ಲೂ ಇಲ್ಲ. ಆದರೂ ನಮ್ಮ ಕಣ್ಣು ಅದನ್ನು ಹುಡುಕುತ್ತದೆ. ಬಾಲಾ 1984ರಲ್ಲಿ ತೀರಿಕೊಂಡರು. ಚಿತ್ರ ಉಳಿದಿದೆ.

"ನಮಗೆ ಬರುವುದು ಮನೆಯ ಕನ್ನಡ ಮಾತ್ರ, ಸಾಹಿತ್ಯದ ಕನ್ನಡ ಬಾರದು" ಎಂದು ನಿಮ್ಮಲ್ಲಿ ಹಲವರು ಸಂಕೋಚಪಡುತ್ತೀರಿ. ಈ ಹಾಡಿನ ಮುಖ್ಯ ಪದ ಮನೆಯ ಕನ್ನಡದ್ದೇ. ನಿಘಂಟು ಬೇಡ, ನಿಮ್ಮನ್ನು ಚಿಕ್ಕಂದಿನಲ್ಲಿ ಯಾರು ಹೇಗೆ ಕರೆಯುತ್ತಿದ್ದರು ಎಂಬ ನೆನಪು ಸಾಕು. ಮೊದಲು ಚಿತ್ರವನ್ನು ನೋಡಿ, ಆಮೇಲೆ ಕಣ್ಣು ಮುಚ್ಚಿ ಹಾಡನ್ನಷ್ಟೇ ಕೇಳಿ. ಸಾಧ್ಯವಾದರೆ ಅಜ್ಜಿಯ ಪಕ್ಕದಲ್ಲಿ ಕುಳಿತು ಕೇಳಿ. ಅವರು ದನಿಗೂಡಿಸದೆ ಇರಲಾರರು.