ಟಿಕೆಟ್ ಇಲ್ಲದ ಬಾಗಿಲು

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ಶಾಲೆಯ ಸ್ಟಾಫ್ ರೂಮಿನಲ್ಲಂತೂ ಈ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಪುಸ್ತಕ ಪುಕ್ಕಟೆ ಕೊಟ್ಟರೆ ಮಕ್ಕಳು ಹರಿದು ಹಾಕುತ್ತಾರೆ, ಸೈಕಲ್ ಪುಕ್ಕಟೆ ಕೊಟ್ಟರೆ ತುಕ್ಕು ಹಿಡಿಸುತ್ತಾರೆ ಎಂದು ಒಬ್ಬರು ಶುರು ಮಾಡಿದರೆ ಉಳಿದವರು ತಲೆಯಾಡಿಸುತ್ತಾರೆ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಶಾಲೆಗಳಲ್ಲಿ ಹೆಚ್ಚುಕಡಿಮೆ ಮೂವತ್ತು ವರ್ಷ ಸಮಾಜ ವಿಜ್ಞಾನವನ್ನೂ ಕನ್ನಡವನ್ನೂ ಕಲಿಸಿದ ನನಗೆ, ಈ ಮಾತು ಪೂರ್ತಿ ಸುಳ್ಳೆಂದು ವಾದಿಸುವ ಧೈರ್ಯವಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ನಾನು ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ಅದು ಮ್ಯೂಸಿಯಂ ಬಾಗಿಲಿನ ವಿಷಯ.

ನನಗೆ ಊರು ನೋಡುವ ಹುಚ್ಚು ಮೊದಲಿನಿಂದಲೂ ಇದೆ. ಹುಚ್ಚಿಗೆ ತಕ್ಕಷ್ಟು ದುಡ್ಡು ಮಾತ್ರ ಎಂದೂ ಇರಲಿಲ್ಲ. ಮನೆಯಲ್ಲಿ ಇಬ್ಬರ ಸಂಬಳ ಬಂದರೂ ಸೈಟಿನ ಸಾಲ, ಮಕ್ಕಳ ಫೀಸು, ಅತ್ತೆಯವರ ಔಷಧಿ ಎಂದು ತಿಂಗಳ ಇಪ್ಪತ್ತನೇ ತಾರೀಖಿಗೆ ಪರ್ಸು ಹಗುರಾಗಿರುತ್ತಿತ್ತು. ಹಾಗಾಗಿ ನನ್ನ ಪ್ರವಾಸಗಳಿಗೆಲ್ಲ ಒಂದು ನೂರು ಪುಟದ ನೋಟ್ ಬುಕ್ಕೇ ದಿಕ್ಕು. ಎಡಗಡೆಯ ಪುಟದಲ್ಲಿ ದುಡ್ಡು ಕೊಟ್ಟು ನೋಡುವ ಜಾಗಗಳು, ಬಲಗಡೆಯಲ್ಲಿ ದುಡ್ಡಿಲ್ಲದೆ ನೋಡುವ ಜಾಗಗಳು. ಯಾವ ವಾರ ರಜೆ, ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರೆ, ಹತ್ತಿರದಲ್ಲಿ ಬುತ್ತಿ ಬಿಚ್ಚಲು ಮರದ ನೆರಳಿದೆಯೆ, ಇವೂ ಅದರಲ್ಲೇ. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೊರಟರೆ ಒಂದೂವರೆ ದಿನ ಹೋಟೆಲಿನ ಹಂಗಿಲ್ಲ.

ಬಲಗಡೆಯ ಪುಟ ನಮ್ಮ ಜಿಲ್ಲೆಯಿಂದಲೇ ಆರಂಭವಾಗುತ್ತದೆ. ಹಿರಿಯೂರಿನ ತೇರು ಮಲ್ಲೇಶ್ವರನ ಗುಡಿಯಲ್ಲಿ ಕತ್ತೆತ್ತಿ ನೋಡಿದರೆ ಚಾವಣಿಯ ಮೇಲೆ ಹಳೆಯ ಬಣ್ಣದ ಚಿತ್ರಗಳು. ಹೊಳಲ್ಕೆರೆಯಲ್ಲಿ ಬಯಲಿನಲ್ಲೇ ಕೂತ ದೊಡ್ಡ ಗಣಪತಿ. ಚಿತ್ರದುರ್ಗದ ಕೋಟೆಗೆ ದೊಡ್ಡವರು ಟಿಕೆಟ್ ಕೊಳ್ಳಬೇಕು, ಆದರೆ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಬೇಡ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆಲ್ಲ ಇದೇ ನಿಯಮ. ಕೋಟೆ ನೋಡಿ ರಂಗಯ್ಯನ ಬಾಗಿಲಿನ ಮ್ಯೂಸಿಯಂ ಕಡೆಗೆ ನಡೆಯುವಾಗ ನಾನು ಮಕ್ಕಳಿಗೆ ಚಂದ್ರವಳ್ಳಿಯ ಕಥೆ ಹೇಳುತ್ತೇನೆ. 1929 ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರೂ 1947 ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿ ನಾಣ್ಯವೂ ಸಿಕ್ಕಿತು. ಎಲ್ಲಿಯ ರೋಮು, ಎಲ್ಲಿಯ ನಮ್ಮ ದುರ್ಗ! ಸಂತೆ ಎಂದರೆ ನಮ್ಮೂರ ಸಂತೆಯೇ ದೊಡ್ಡದು ಎಂದುಕೊಂಡ ಮಕ್ಕಳ ಕಣ್ಣು ಆಗ ಅಗಲವಾಗುವುದನ್ನು ನೋಡಬೇಕು.

ಇದೆಲ್ಲ ನನ್ನೊಬ್ಬಳ ಹವ್ಯಾಸವಾಗಿಯೇ ಉಳಿದುಬಿಡುತ್ತಿತ್ತೋ ಏನೋ. 2009 ರ ಡಿಸೆಂಬರಿನಲ್ಲಿ ಶಾಲೆಯ ಮೈಸೂರು ಪ್ರವಾಸದ ಹೊಣೆ ನನ್ನ ಪಾಲಿಗೆ ಬಂತು. ಮೂವತ್ತು ಮಕ್ಕಳು, ಬಾಡಿಗೆಗೆ ಒಂದು ಸರ್ಕಾರಿ ಬಸ್ಸು, ಎರಡು ದಿನ. ಹೆಸರು ಕೊಡಲು ಬಂದವರಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿಯ ತಾಯಿಯೂ ಇದ್ದಳು. ಕೂಲಿ ಮಾಡುವವಳು. ಸೆರಗಿನ ಗಂಟು ಬಿಚ್ಚಿ ಮೊದಲ ಕಂತು ಎಣಿಸಿ ಮೇಜಿನ ಮೇಲಿಟ್ಟಳು. ಆದರೆ ಕೈ ತೆಗೆಯಲಿಲ್ಲ.

"ಟೀಚರಮ್ಮ, ಅಲ್ಲಿಗೆ ಹೋದ ಮ್ಯಾಲೆ ಇನ್ನೂ ಕೇಳ್ತಾರಾ? ಎಲ್ಲಾ ಮಕ್ಕಳೂ ಒಳಗೋಗಿ ನನ್ನ ಮಗಳೊಬ್ಬಳು ಗೇಟಿನ ತಾವ ನಿಂತ್ಕಳದಾದ್ರೆ ಬ್ಯಾಡ ಕಣಮ್ಮ. ಮನೇಲೇ ಇರ್ಲಿ."

ಪ್ರವಾಸವೆಂದರೆ ಬಸ್ ಚಾರ್ಜು ಎಂದಷ್ಟೇ ನಾವು ಲೆಕ್ಕ ಹಾಕುತ್ತೇವೆ. ಆಕೆ ಗೇಟಿನ ಲೆಕ್ಕ ಹಾಕಿದ್ದಳು. ಒಂದೊಂದು ಗೇಟಿನಲ್ಲಿ ಹತ್ತು ಹತ್ತು ರೂಪಾಯಿ ಎಂದರೂ ನಾಲ್ಕು ಗೇಟಿಗೆ ನಲವತ್ತು. ಅದು ಆಗ ಆಕೆಯ ಅರ್ಧ ದಿನದ ಕೂಲಿ. ಅದಕ್ಕಿಂತ ಮುಖ್ಯವಾಗಿ, ಹಾಗೆ ಗೇಟಿನ ಹೊರಗೆ ನಿಂತ ನೆನಪು ಆಕೆಗೇ ಎಲ್ಲೋ ಇದ್ದಿರಬೇಕು. ನಾನು ಹೇಳಿದೆ, "ಇಲ್ಲವ್ವ, ಯಾವ ಗೇಟಿನಲ್ಲೂ ನಿಲ್ಲಿಸಲ್ಲ." ಆಕೆ ಕೈ ತೆಗೆದಳು.

ಮಾತು ಕೊಟ್ಟ ಮೇಲೆ ನೋಟ್ ಬುಕ್ಕು ತೆಗೆಯಲೇಬೇಕಾಯಿತು. ಮೃಗಾಲಯ ಬಿಟ್ಟರೆ ಮಕ್ಕಳು ನನ್ನನ್ನು ಕ್ಷಮಿಸುತ್ತಿರಲಿಲ್ಲ. ಆದ್ದರಿಂದ ಅದೊಂದರ ಟಿಕೆಟ್ಟನ್ನು ಮೊದಲೇ ಕಂತಿನಲ್ಲಿ ಸೇರಿಸಿದೆವು. ಉಳಿದದ್ದೆಲ್ಲ ಬಲಗಡೆಯ ಪುಟದಿಂದ. ಅಲ್ಲೊಂದು ಸಣ್ಣ ತೊಡಕಿತ್ತು. ಕಾರಂಜಿ ಕೆರೆಯ ದಂಡೆಯಲ್ಲಿರುವ ಪ್ರಾಕೃತಿಕ ವಿಜ್ಞಾನದ ಪ್ರಾದೇಶಿಕ ಸಂಗ್ರಹಾಲಯಕ್ಕೆ ಸೋಮವಾರ ರಜೆ. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ಭಾನುವಾರ ರಜೆ. ಹೀಗಾಗಿ ಭಾನುವಾರ ಬೆಳಿಗ್ಗೆ ಮೃಗಾಲಯ, ಮಧ್ಯಾಹ್ನ ಕಾರಂಜಿ ಕೆರೆಯ ದಂಡೆ, ಸಂಜೆ ಅರಮನೆಯ ದೀಪಾಲಂಕಾರ. ಸೋಮವಾರ ಜಾನಪದ ಎಂದು ಗೊತ್ತು ಮಾಡಿದೆ. ಭಾನುವಾರದ ದೀಪ ನೋಡಲು ಟಿಕೆಟ್ ಬೇಕಿರಲಿಲ್ಲ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹತ್ತಿಕೊಂಡಾಗ ಮೂವತ್ತು ಬಾಯಿಗಳಿಂದ ಹೊರಟ "ಹೋ" ಎಂಬ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

ಕಾರಂಜಿ ಕೆರೆಯ ದಂಡೆಯ ಆ ಸಂಗ್ರಹಾಲಯ 1995 ರಲ್ಲಿ ಆರಂಭವಾದದ್ದು. ಕಾಡು, ಹುಳುಹುಪ್ಪಟೆ, ಹಕ್ಕಿ, ಗಿಡಮರ, ಎಲ್ಲವನ್ನೂ ಮಕ್ಕಳಿಗೆ ಅರ್ಥವಾಗುವಂತೆ ಜೋಡಿಸಿದ್ದಾರೆ. ಕಣ್ಣು ಕಾಣದವರು ಮುಟ್ಟಿ ತಿಳಿಯಲೂ ಅಲ್ಲಿ ಏರ್ಪಾಡಿದೆ. ಟಿಕೆಟ್ ಇಲ್ಲವೆಂದು ಕೇಳಿ ನಮ್ಮ ಹುಡುಗನೊಬ್ಬ, "ಹಂಗಾದ್ರೆ ಇನ್ನೊಂದ್ಸಲ ನೋಡಾನ ಮೇಡಂ?" ಎಂದು ಮತ್ತೆ ಒಳಗೆ ಓಡಿದ. ದುಡ್ಡು ಕೊಟ್ಟ ಕಡೆ ನಾವು ದುಡ್ಡಿಗೆ ತಕ್ಕಷ್ಟು ನೋಡಿದೆವೇ ಎಂದು ಲೆಕ್ಕ ಹಾಕುತ್ತಾ ಓಡುತ್ತೇವೆ. ದುಡ್ಡಿಲ್ಲದ ಕಡೆ ನಿಲ್ಲಬಹುದು, ಹೊರಗೆ ಬಂದು ಮತ್ತೆ ಒಳಗೆ ಹೋಗಬಹುದು. ಇದನ್ನು ನನಗೆ ಹೇಳಿಕೊಟ್ಟವನು ಆ ಹುಡುಗ.

ಸೋಮವಾರ ಜಯಲಕ್ಷ್ಮೀ ವಿಲಾಸಕ್ಕೆ ಹೋದೆವು. ಕುಕ್ಕರಹಳ್ಳಿ ಕೆರೆಯ ಆಚೆ, ಮಾನಸಗಂಗೋತ್ರಿಯ ದಿಬ್ಬದ ಮೇಲಿನ ಆ ಅರಮನೆಯನ್ನು 1905 ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ್ದು. 1959 ರಲ್ಲಿ ಅದು ವಿಶ್ವವಿದ್ಯಾನಿಲಯದ ಕೈಗೆ ಬಂತು. 1968 ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಕಂಬಗಳು, ಬಣ್ಣದ ಗಾಜುಗಳು, ಕೆತ್ತನೆಯ ಬಾಗಿಲುಗಳನ್ನು ಕಂಡು ಮಕ್ಕಳು ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಹೊಸಲಲ್ಲೇ ನಿಂತರು. ಒಳಗೆ ಹೋದರೆ ಏನು? ತೊಗಲು ಗೊಂಬೆ, ಸೋಮನ ಕುಣಿತದ ದೊಡ್ಡ ದೊಡ್ಡ ಮುಖ, ಯಕ್ಷಗಾನದ ಕಿರೀಟ, ಆಮೇಲೆ ಬುಟ್ಟಿ, ಮೊರ, ದೀಪ, ನೇಗಿಲು.

ಅಲ್ಲೇ ಆ ಹುಡುಗಿ ಬಾಯಿ ಬಿಟ್ಟದ್ದು. ತರಗತಿಯಲ್ಲಿ ಹೆಸರು ಕೂಗಿದರೂ ಮೆಲ್ಲಗೆ "ಎಸ್ ಮೇಡಂ" ಎನ್ನುವವಳು. ಬೇಸಾಯದ ಸಾಮಾನುಗಳ ನಡುವೆ ಒಂದು ಕೂರಿಗೆ ಇತ್ತು. "ಇದು ನಮ್ಮನೇಲೂ ಐತೆ" ಎಂದಳು. ಪೇಟೆಯಲ್ಲೇ ಬೆಳೆದ ಒಬ್ಬ ಹುಡುಗ, ಅದನ್ನು ಏನು ಮಾಡುತ್ತಾರೆ ಎಂದು ಕೇಳಿದ. ಬೀಜ ಬಿಡುವ ಬಟ್ಟಲು ಯಾವುದು, ಬಿದಿರ ಕೊಳವೆಗಳಲ್ಲಿ ಕಾಳು ಹೇಗೆ ಇಳಿಯುತ್ತದೆ, ಮುಷ್ಟಿ ಬಿಗಿಯಾದರೆ ಸಾಲು ಯಾಕೆ ಬರಿದಾಗುತ್ತದೆ, ಎಲ್ಲವನ್ನೂ ಕೈಯಾಡಿಸಿ ಹೇಳಿದಳು. "ನಮ್ಮವ್ವನೇ ಬೀಜ ಬಿಡೋದು. ಊರಲ್ಲೆಲ್ಲ ಅವ್ವನ್ನೇ ಕರೀತಾರೆ." ಅಲ್ಲಿಯ ನೌಕರರೊಬ್ಬರು ಹತ್ತಿರ ಬಂದು ಕೈಕಟ್ಟಿ ನಿಂತು ಕೇಳಿದರು. ಹತ್ತು ನಿಮಿಷ ಆ ಅರಮನೆಯಲ್ಲಿ ಪಾಠ ಮಾಡಿದವಳು ಅವಳು. ನಾನು ವಿದ್ಯಾರ್ಥಿನಿ.

ಆಗ ನಾನು ಮಕ್ಕಳಿಗೆ ಪಿ.ಆರ್. ತಿಪ್ಪೇಸ್ವಾಮಿಯವರ ಹೆಸರು ಹೇಳಿದೆ. ಈ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದ ಅವರು ನಮ್ಮ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು. 1922 ರಲ್ಲಿ ಹುಟ್ಟಿ 2000 ದಲ್ಲಿ ತೀರಿಕೊಂಡ ಚಿತ್ರಕಲಾವಿದರು. ಹಳ್ಳಿಯವರು ಅಟ್ಟಕ್ಕೆ ಎಸೆದ, ಸೌದೆಯ ಒಟ್ಟಿಲಿಗೆ ಸೇರಲಿದ್ದ ಸಾಮಾನುಗಳಲ್ಲಿ ಬೆಲೆ ಕಂಡು ಊರೂರು ತಿರುಗಿ ಕೂಡಿಸಿದವರು. ಅಂಥ ಸಾಮಾನು ಅರಮನೆ ಸೇರಿದ ಮೇಲೆ, ಅದರ ಮನೆಯವರೇ ನೋಡಲು ಬಂದಾಗ ಬಾಗಿಲಲ್ಲಿ ದುಡ್ಡು ಕೇಳುವುದು ಹೇಗೆ? ನಮ್ಮ ಮನೆಯ ಒರಳನ್ನು ಪಕ್ಕದ ಮನೆಯವರಿಗೆ ಕೊಟ್ಟು, ಅದರಲ್ಲಿ ರುಬ್ಬಲು ಬಾಡಿಗೆ ಕೊಟ್ಟ ಹಾಗಾಗುತ್ತದೆ.

ಹಾಗಾದರೆ ಮ್ಯೂಸಿಯಂ ನಡೆಯುವುದು ಹೇಗೆ ಎಂದು ನನ್ನ ಸಹೋದ್ಯೋಗಿಗಳು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಸೂರು ಸೋರಿದರೆ ಪುಕ್ಕಟೆ ಬಾಗಿಲೂ ಮುಚ್ಚಿಹೋಗುತ್ತದೆ. ಜಯಲಕ್ಷ್ಮೀ ವಿಲಾಸವೇ ಆಮೇಲಿನ ವರ್ಷಗಳಲ್ಲಿ ಶಿಥಿಲವಾಗಿ ದುರಸ್ತಿಗೆ ಕಾಯಬೇಕಾಯಿತು. ಈಗ ಹೋಗುವವರು ವಿಚಾರಿಸಿಕೊಂಡೇ ಹೊರಡಬೇಕು. ಆದರೆ ಮಕ್ಕಳ ಹತ್ತು ಹತ್ತು ರೂಪಾಯಿಯಿಂದ ಅರಮನೆಯ ಹೆಂಚು ಬದಲಾಗುವುದಿಲ್ಲ. ಅದಕ್ಕೆ ಸರ್ಕಾರವೂ ಉಳ್ಳವರೂ ಕೈಹಾಕಬೇಕು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 1759 ರಲ್ಲಿ ಬಾಗಿಲು ತೆರೆದಾಗಲೇ ಪ್ರವೇಶಕ್ಕೆ ದುಡ್ಡಿಲ್ಲವೆಂದು ಗೊತ್ತುಮಾಡಿತು. ಈಗಲೂ ಅದರ ಮುಖ್ಯ ಸಂಗ್ರಹ ನೋಡಲು ಶುಲ್ಕವಿಲ್ಲ. ನಮ್ಮ ಅಮರಾವತಿಯ ಶಿಲ್ಪಗಳು ಅಲ್ಲಿವೆ. ಅವುಗಳನ್ನು ಲಂಡನ್ನಿನ ಮಗು ಪುಕ್ಕಟೆ ನೋಡಬಹುದಾದರೆ, ಕೂರಿಗೆಯನ್ನು ನಮ್ಮ ಹುಡುಗಿ ನೋಡುವುದು ದೊಡ್ಡ ದಾನವೇನಲ್ಲ. ನನ್ನ ಮಟ್ಟಿಗೆ ನಾನು, ಒಬ್ಬಳೇ ಹೋದಾಗ ಕಾಣಿಕೆ ಪೆಟ್ಟಿಗೆ ಕಂಡರೆ ಐವತ್ತು ರೂಪಾಯಿ ಹಾಕಿ ಬರುತ್ತೇನೆ. ಇದ್ದವರು ಹಾಕಲಿ, ಇಲ್ಲದವರು ನೋಡಲಿ.

ಈಗ ಕಾಲ ಬದಲಾಗಿದೆ. 2023 ರ ಜೂನ್ 11 ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಹಿರಿಯೂರಿನಲ್ಲಿ ಹತ್ತಿದರೆ ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲದ ಮೇಲೆ ಮೈಸೂರು. ಜೊತೆಗೆ ನೋಟ್ ಬುಕ್ಕಿನ ಬಲಗಡೆಯ ಪುಟದಲ್ಲಿ ಕೆಲವು ತಾರೀಖುಗಳೂ ಸೇರಿವೆ. ಏಪ್ರಿಲ್ 18, ವಿಶ್ವ ಪರಂಪರೆ ದಿನ. ನವೆಂಬರ್ 19, ಪರಂಪರೆ ಸಪ್ತಾಹದ ಮೊದಲ ದಿನ. ಈ ಎರಡು ದಿನ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಎಲ್ಲರಿಗೂ ಉಚಿತ ಪ್ರವೇಶ. 2020 ರಿಂದ ಮಾರ್ಚ್ 8 ರಂದು ಹೆಂಗಸರಿಗೆ ಟಿಕೆಟ್ ಇಲ್ಲ. ಇವನ್ನು ತಾಯಂದಿರ ಸಭೆಯಲ್ಲಿ ಬೋರ್ಡಿನ ಮೇಲೆ ಬರೆಯುವುದು ನನ್ನ ಪದ್ಧತಿ.

2025 ರ ಮಾರ್ಚ್ 8 ಶನಿವಾರ ಬಂದಿತ್ತು. ಬೆಳಗಿನ ಶಾಲೆ ಮುಗಿಸಿ ಹನ್ನೊಂದು ಜನ ತಾಯಂದಿರ ಜೊತೆ ಚಿತ್ರದುರ್ಗದ ಬಸ್ಸು ಹತ್ತಿದೆ. ಹುಟ್ಟಿದಾಗಿನಿಂದ ಇದೇ ಜಿಲ್ಲೆಯಲ್ಲಿದ್ದೂ ಅವರಲ್ಲಿ ಏಳು ಜನ ಕೋಟೆಯ ಒಳಗೆ ಕಾಲಿಟ್ಟಿರಲಿಲ್ಲ. ಆಸ್ಪತ್ರೆಗೆ, ಕೋರ್ಟಿಗೆ ಬಂದಾಗ ಕೆಳಗಿನಿಂದ ಕಂಡವರು. ಓಬವ್ವನ ಕಿಂಡಿಯಲ್ಲಿ ಬಗ್ಗಿ ನೋಡಿ, ಅಷ್ಟು ಸಣ್ಣ ಸಂದಿನಲ್ಲಿ ಒನಕೆ ಎತ್ತಲು ಎಷ್ಟು ಜಾಗ ಬೇಕು, ಹೆಣ ಎಳೆದು ಹಾಕಲು ಎಷ್ಟು ಬಲ ಬೇಕು ಎಂದು ತಮ್ಮತಮ್ಮಲ್ಲೇ ಚರ್ಚೆ ಮಾಡಿದರು. ನಾನು ಪುಸ್ತಕದಲ್ಲಿ ಓದಿ ಹೇಳುವುದಕ್ಕಿಂತ ಅದೇ ಚೆನ್ನಾಗಿತ್ತು. ಇಳಿಯುವಾಗ ಅವರಲ್ಲೊಬ್ಬಳು ಟಿಕೆಟ್ ಕೌಂಟರಿನ ಕಡೆ ನೋಡಿ ಕೇಳಿದಳು:

"ಬ್ಯಾರೆ ದಿನ ಬಂದ್ರೆ ಎಷ್ಟು ತಗೋತಾರೆ ಟೀಚರಮ್ಮ?"

"ಇಪ್ಪತ್ತೈದು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ."

ಅವಳು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. "ಅಂಗಾದ್ರೆ ನಂದೊಂದು, ಯಜಮಾನ್ರದೊಂದು. ಐವತ್ತು ಕೂಡಿಸ್ಕೊಂಡು ಯುಗಾದಿ ಕಳೀತಿದ್ದಂಗೆ ಮಕ್ಕಳನ್ನ ಕರ್ಕೊಂಡು ಬರ್ತೀನಿ. ಅವೂ ನೋಡ್ಲಿ."